ಇಂಧನ: ಹುಲ್ಲು

ಪಾವಗಡದಲ್ಲಿ, ಬೆಸ್ಕಾಂ ಆಫೀಸಿನ ಎದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಒಂದು ಮಗ್ಗುಲಿಗೆ ಎರಡು ರೂಪಾಯಿ.
ಓದಿದ್ದಕ್ಕೆ ದುಡ್ಡಿಲ್ಲ.

ಗಾಜಿನ ಕೆಳಗೆ ಬೆಳಕೊಂದು
ಈ ಕಡೆಯಿಂದ ಆ ಕಡೆಗೆ ತೆವಳುತ್ತದೆ,
ದಿನಕ್ಕೆ ನಾನೂರು ಸಲ ಹುಟ್ಟಿ ಮುಳುಗುವ ಸೂರ್ಯ.
ಅದು ಕಂಡದ್ದನ್ನೆಲ್ಲ ನಾನೂ ಓದಿದೆ:
ಗುತ್ತಿಗೆ ಪತ್ರ, ಎಕರೆಗಿಷ್ಟೆಂದು ಬಾಡಿಗೆ,
ಯೂನಿಟ್ಟಿನ ದರ, ದರದ ತಿದ್ದುಪಡಿ,
ತಿದ್ದುಪಡಿಯ ಮೇಲೊಂದು ಸುತ್ತೋಲೆ.
ಬಿಸಿಲು ಎಂಬ ಮಾತು ಯಾವುದರಲ್ಲೂ ಇರಲಿಲ್ಲ.
ಸದರಿ ಇತ್ತು. ಮೇಲ್ಕಂಡ ಇತ್ತು.

ಹೆಬ್ಬೆಟ್ಟಿನವರು ಕೇಳುತ್ತಿದ್ದರು: ಇದ್ರಾಗೆ ಏನೈತಕ್ಕಾ?
ಎದುರಿನವರು ನಾಳೆ ಬಾ ಅನ್ನುತ್ತಿದ್ದರು,
ನಾನು ಇವತ್ತೇ ಹೇಳುತ್ತಿದ್ದೆ.
ಅಷ್ಟೇ ನನ್ನ ವಿದ್ಯೆ.

ಹೀಗೇ ಒಂದು ಮಂಗಳವಾರ
ತಿರುಮಣಿ ಕಡೆಯ ಪ್ಲಾಂಟಿನ ಹುಡುಗನೊಬ್ಬ
ಹತ್ತು ಪ್ರತಿ ತಗೊಂಡು, ಮಸಿ ಹಿಡಿದ ಹನ್ನೊಂದನೆಯದನ್ನು ಬಿಟ್ಟುಹೋದ.
ಟೆಂಡರು. ಇಂಗ್ಲಿಷು.
ಕಂಡಿಕೆ ಹನ್ನೊಂದು: ವೆಜಿಟೇಶನ್ ತೆಗೆಯತಕ್ಕದ್ದು.
ತರಕಾರಿಯೇ? ಪ್ಯಾನಲ್ಲಿನ ಕೆಳಗೆ ಯಾರು ಬೆಳೆದರು ಬದನೆಕಾಯಿ?
ನನ್ನ ಪಿಯುಸಿ ಇಂಗ್ಲಿಷು ಎರಡು ದಿನ
ಆ ಬದನೆ ತೋಟದಲ್ಲೇ ಸುತ್ತಿತು.
ಮೂರನೆಯ ದಿನ ಮಗಳ ನಿಘಂಟು ದಾರಿ ತೋರಿಸಿತು:
ಹುಲ್ಲು.

ಪ್ಯಾನಲ್ಲು ತೊಳೆದ ನೀರು ಕುಡಿದು, ಅದರದೇ ನೆರಳಲ್ಲಿ
ಮೊಣಕಾಲೆತ್ತರ ಎದ್ದ ಹುಲ್ಲು.
ಕೊಯ್ಯಲು ಡೀಸೆಲ್ ಯಂತ್ರ, ಅದರ ಬಾಯಿಂದ ಸಿಡಿಯುವ ಕಲ್ಲು,
ಒಡೆಯುವ ಗಾಜು.
ಬೇಲಿಯ ಈಚೆಗೆ ಬೀರಲಿಂಗಪ್ಪನ ನೂರಾ ಹದಿನೆಂಟು ಕುರಿ
ತಂತಿಯ ಸಂದಿಗೆ ಮೂತಿ ತೂರಿಸಿ ನಿಂತಿದ್ದವು
ಎಷ್ಟೋ ದಿನದಿಂದ.
ಅವಕ್ಕೆ ನಿಘಂಟು ಬೇಕಿರಲಿಲ್ಲ.

ಅರ್ಜಿ ನಾನೇ ತುಂಬಿದೆ.
ಯಂತ್ರಗಳ ಸಂಖ್ಯೆ: ನೂರಾ ಹದಿನೆಂಟು.
ತಯಾರಕರು? ಅವನನ್ನೇ ಕೇಳಿದೆ.
‘ಟಗರು ಎರಡವೆ’ ಅಂದ. ಬರೆದೆ.
ಇಂಧನ: ಹುಲ್ಲು.
ಶಬ್ದದ ಪ್ರಮಾಣ: ಬ್ಯಾ.
ಆಮೇಲೆ ಅದನ್ನು ಹೊಡೆದು, ಅತ್ಯಲ್ಪ ಎಂದು ತಿದ್ದಿದೆ.
ನಗುವವರು ನಗಲಿ, ವಾಪಸು ಕಳಿಸಲು ನೆಪ ಸಿಗಬಾರದು.

ಏಳು ವಾರಕ್ಕೆ ಬಂದದ್ದು ಒಂದು ಆಕ್ಷೇಪಣೆ:
ಮಂದೆಯಲ್ಲಿ ಮೇಕೆ ಇವೆಯೇ?
ಮೇಕೆ ಪ್ಯಾನಲ್ ಹತ್ತುತ್ತದೆ, ವೈರು ಕಡಿಯುತ್ತದೆ.
ಬೀರಲಿಂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.
ಒಂದಿತ್ತು. ತಬ್ಬಲಿ ಮರಿಗಳಿಗೆಲ್ಲ ಹಾಲು ಕೊಟ್ಟದ್ದು.
ಅದನ್ನು ತಂಗಿಯ ಮನೆಯಲ್ಲಿ ಕಟ್ಟಿ ಬಂದು
ಹೆಬ್ಬೆಟ್ಟು ಒತ್ತಿದ. ಮಾತಾಡಲಿಲ್ಲ.
ಆ ಮೇಕೆಗೆ ಯಾವ ಕಂಡಿಕೆಯಲ್ಲೂ ಜಾಗವಿರಲಿಲ್ಲ,
ಇಲ್ಲಿ ಬರೆದಿಟ್ಟಿದ್ದೇನೆ.

ಇವತ್ತು ಆದೇಶ ಬಂದಿದೆ.
ತಿನ್ನೋದಕ್ಕೂ ದುಡ್ಡು ಕೊಡ್ತಾರಾ? ಮೂರು ಸಲ ಕೇಳಿದ.
ಕೊಡ್ತಾರೆ. ನೂರರಲ್ಲಿ ಐದು ನನಗೆ, ಓದಿದ್ದಕ್ಕೆ.
ಜೀವನದಲ್ಲಿ ಮೊದಲ ಸಲ ಹಾಗೆ ಕೇಳಿದೆ, ನಾಲಿಗೆ ತಡವರಿಸಿತು.
ಹತ್ತು ತಗೋ ಅಂದ ಅವನು.
ಜಗಳಾಡಿ ಏಳಕ್ಕೆ ನಿಂತೆವು.

ಇದ್ರಾಗೆ ನನ್ನ ಕುರಿ ಎಲ್ಲೈತೆ?
ಬೆರಳಿಟ್ಟು ತೋರಿಸಿದೆ, ಇಂಗ್ಲಿಷಿನ ಐದಕ್ಷರ.
ಬಗ್ಗಿ ನೋಡಿದ, ಸಂಜೆ ಮಂದೆ ಎಣಿಸುವ ಕಣ್ಣಲ್ಲಿ.
‘ನಡುವೆ ಎರಡು ಒಂದೇ ತರ ನಿಂತವಲ್ಲ, ಅವಳಿ ಮರೀನಾ?’

ಹೂಂ ಅಂದೆ.
ದೊಡ್ಡದು ಮಾಡಿ ಕೊಡಕ್ಕಾ, ರೊಪ್ಪದ ಬಾಗಿಲಿಗೆ ಅಂಟಿಸ್ತೀನಿ.
ಗಾಜಿನ ಮೇಲಿಟ್ಟು ನಾನೂರು ಪರ್ಸೆಂಟು ಒತ್ತಿದೆ.
ಬೆಳಕು ಅರ್ಧ ದಾರಿ ತೆವಳಿತು.
ಕರೆಂಟು ಹೋಯಿತು.

ಎದುರಿನ ಬೆಸ್ಕಾಂ ಒಳಗೂ ಕತ್ತಲು.
ಹೊರಗೆ ಬಿಸಿಲೋ ಬಿಸಿಲು;
ಊರಾಚೆ ಗೋಪುರಗಳ ಮೇಲೆ ದಪ್ಪ ತಂತಿಗಳು
ಗುಂಯ್‌ಗುಟ್ಟುತ್ತ ಎಲ್ಲಿಗೋ.
ಕಾಗದ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದೆ,
ಅವಳಿಯಲ್ಲಿ ಒಂದು ಮರಿ ಮಾತ್ರ ಹೊರಬಂದಿದೆ.

ಕೂತಿದ್ದೇವೆ.
ಹೆರಿಗೆ ಕಾಯೋದು ನಂಗೆ ಅಭ್ಯಾಸ ಐತೆ ಬಿಡಕ್ಕಾ, ಅಂದ.